ಸಾತವ್ವನ ಹೆಸರಿನ ಲೈಟು

ಬನಹಟ್ಟಿಯ ಆ ಓಣಿಯಲ್ಲಿ ಮಗ್ಗದ ಸದ್ದು ನಿಲ್ಲುತ್ತಿದ್ದುದು ಊಟದ ಹೊತ್ತಿಗೆ ಮಾತ್ರ. ಆ ಸದ್ದಿನೊಳಗೇ ಕೂಸುಗಳು ನಿದ್ದೆ ಮಾಡುತ್ತಿದ್ದವು, ಆ ಸದ್ದಿನೊಳಗೇ ಹೆಂಗಸರು ಜಗಳವಾಡಿ ರಾಜಿಯಾಗುತ್ತಿದ್ದರು. ಸಾತವ್ವನಿಗೆ ಮಾತ್ರ ಆ ಸದ್ದು ಒಂದು ತೊಟ್ಟಿಲಿದ್ದ ಹಾಗೆ. ಬಲಗೈಯಿಂದ ರಾಟಿ ತಿರುವುತ್ತ, ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ನೂಲು ಹರಿಯಗೊಡುತ್ತ, ತಮ್ಮನ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವುದು ಆಕೆಯ ಕೆಲಸ. ಕೈ ಇಲ್ಲಿರುತ್ತಿತ್ತು, ಆಕೆ ಇರುತ್ತಿರಲಿಲ್ಲ. ತಮ್ಮನ ಹೆಂಡತಿ ಭಾಗವ್ವ ಎರಡೆರಡು ಸಲ ಕೂಗಿದ ಮೇಲೆ, ನೀರಿನ ತಳದಿಂದ ಎದ್ದು ಬಂದವಳಂತೆ ಕಣ್ಣು ಪಿಳುಕಿಸಿ, "ಏನಂದಿ ಭಾಗವ್ವಾ?" ಎನ್ನುವಳು.

ಯುದ್ಧ ಮುಗಿಯಲು ಬಂದಿದ್ದ ವರ್ಷ ಅದು. ನೂಲಿಗೆ ಕಂಟ್ರೋಲು, ಚಿಮಣಿ ಎಣ್ಣೆಗೆ ಕಂಟ್ರೋಲು. ಯುಗಾದಿ ಮುಗಿದ ಮೇಲಿನ ಒಂದು ಮಧ್ಯಾಹ್ನ ಖಾಕಿ ಅಂಗಿಯ ಪಟ್ಟೇವಾಲನೊಬ್ಬ ಬಾಗಿಲಿಗೆ ಬಂದು ನಿಂತ. ಜಮಖಂಡಿಯಿಂದ ಬಂದವನು. ಬೆವರಿನಲ್ಲಿ ಅರ್ಧ ನೆಂದಿದ್ದ ಕಾಗದವೊಂದು ಅವನ ಕೈಯಲ್ಲಿತ್ತು.

"ಸಾತವ್ವ ಕೋಂ ಕಾಶಪ್ಪ ಅಂದ್ರ ಯಾರ್ರಿ ಇಲ್ಲೆ?"

"ನಾನರಿ," ಎಂದಳು ಸಾತವ್ವ. ಗಂಡನ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟೋ ವರ್ಷವಾಗಿತ್ತು. ರಾಟಿ ನಿಂತಿತು.

"ಲೈಟಿನ ಕಂಪನಿ ನೋಟೀಸ್ ಐತ್ರಿ. ಬಾಕಿ ನಲವತ್ತೇಳು ರೂಪಾಯಿ ಎಂಟಾಣೆ. ಹದಿನೈದು ದಿನದಾಗ ತುಂಬಬೇಕು. ಇಲ್ಲಂದ್ರ ಕೋರ್ಟಿಗೆ ಹೋಗಿ ಜಪ್ತಿ ತರ್ತಾರ."

ಒಳಗಿನಿಂದ ಭಾಗವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಯಪ್ಪಾ, ನಮ್ಮನ್ಯಾಗ ಬುಡ್ಡಿ ಹಚ್ಚಾಕ ಎಣ್ಣಿ ಸಿಗವಲ್ದು. ಲೈಟ್ ಅಂದ್ರ ಹ್ಯಾಂಗಿರತೈತಿ ಅಂತ ಸುದ್ದಾ ನಮಗ ಗೊತ್ತಿಲ್ಲ. ಎಲ್ಲಿ ಬಾಕಿ, ಯಾರ ಬಾಕಿ? ಬ್ಯಾರೆ ಯಾರ್ದರ ಇರಬೇಕು ನೋಡು."

"ಕಾಗದದ ಮ್ಯಾಲ ಇದ್ದದ್ದು ನಾ ಹೇಳೇನಿ ತಾಯಿ," ಎಂದ ಅವನು. ಸಾತವ್ವ ನಲವತ್ತೇಳು ರೂಪಾಯಿಯ ಬಗ್ಗೆ ಕೇಳಲಿಲ್ಲ. ಜಪ್ತಿಯ ಬಗ್ಗೆಯೂ ಕೇಳಲಿಲ್ಲ. ಆಕೆ ಕೇಳಿದ್ದು ಒಂದೇ ಮಾತು.

"ಅದು ಎಲ್ಲಿ ಉರೀತೈತ್ರಿ, ನನ್ನ ಹೆಸರಿನ ಲೈಟು?"

ಪಟ್ಟೇವಾಲ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದ. "ಜಮಖಂಡಿ, ಹಳೇಬಾವಿ ಓಣಿ, ಮನಿ ನಂಬರ ಇನ್ನೂರಾ ಹದಿನಾಲ್ಕು."

ಹಳೇಬಾವಿ ಓಣಿ! ಸಾತವ್ವ ಹದಿನೈದು ವರ್ಷ ಬಾಳುವೆ ಮಾಡಿದ ಓಣಿ ಅದು. ಕಾಶಪ್ಪ ಅಲ್ಲಿ ಎರಡು ಮಗ್ಗ ಹೂಡಿ, ರಟ್ಟೆ ಬೀಳುವಂತೆ ದುಡಿದು, ತಾವು ಬಾಡಿಗೆಗಿದ್ದ, ಮೇಲೊಂದು ಮಾಡಿಯಿದ್ದ ಮನೆಯನ್ನೇ ಕೊಂಡಿದ್ದ. ಹನ್ನೊಂದು ವರ್ಷದ ಹಿಂದೆ ಊರಿಗೆ ಪ್ಲೇಗು ಬಂದಾಗ ಎಲ್ಲರಂತೆ ಅವರೂ ಮನೆಗೆ ಬೀಗ ಹಾಕಿ, ರಾಮತೀರ್ಥದ ಗುಡ್ಡದ ಆಚೆ ಗುಡಿಸಲು ಹಾಕಿಕೊಂಡರು. ಒಲೆಯ ಮೇಲೆ ತೊಳೆದಿಟ್ಟ ಪಾತ್ರೆ ಹಾಗೇ ಇತ್ತು, ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಹದಿನೈದು ದಿನದಲ್ಲಿ ತಿರುಗಿ ಬರುವ ಮಾತು. ಕಾಶಪ್ಪ ಗುಡಿಸಲಿನಲ್ಲೇ ತೀರಿಕೊಂಡ. ಮಕ್ಕಳಿರಲಿಲ್ಲ. ತಮ್ಮ ಬಂದು ಆಕೆಯನ್ನು ಗುಡಿಸಲಿನಿಂದಲೇ ಬನಹಟ್ಟಿಗೆ ಕರೆದೊಯ್ದ. ತಿಂಗಳು ಕಳೆದ ಮೇಲೆ ಮೈದುನ ಶಂಕರೆಪ್ಪ ಬಂದು, ತಲೆ ತಗ್ಗಿಸಿ ಕೂತು, "ವೈನಿ, ಅಣ್ಣ ನೂಲಿನ ಸಾವುಕಾರನ ಕಡೆ ಭಾಳ ಸಾಲ ಮಾಡಿದ್ದ. ಮನಿ ಅವರ ಪಾಲಾತು," ಎಂದಿದ್ದ. ಸಾತವ್ವ ಆಗ ಅಳುವುದನ್ನು ಬಿಟ್ಟು ಬೇರೇನೂ ತಿಳಿಯದ ಸ್ಥಿತಿಯಲ್ಲಿದ್ದಳು. ಹೂಂ ಎಂದಿದ್ದಳು.

ಆಮೇಲೆ ಆಕೆ ಆ ಮನೆಗೆ ಹೋಗಲಿಲ್ಲ ಎಂದರೆ ಅದು ಅರ್ಧ ಮಾತ್ರ ಖರೆ. ಕಂಡಿಕೆ ಸುತ್ತುವಾಗ ದಿನಾ ಹೋಗುತ್ತಿದ್ದಳು. ಬಾಗಿಲು ತೆಗೆದು, ಪಡಸಾಲೆ ದಾಟಿ, ಕಿಟಕಿಯ ಗೂಡಿನಲ್ಲಿಟ್ಟ ಕುಂಕುಮದ ಭರಣಿ ಮುಟ್ಟಿ ನೋಡಿ, ತಿರುಗಿ ಬರುತ್ತಿದ್ದಳು. ಹನ್ನೊಂದು ವರ್ಷವೂ ಆಕೆಯ ಮನಸ್ಸಿನಲ್ಲಿ ಆ ಮನೆ ಕತ್ತಲಾಗಿಯೇ ಇತ್ತು, ಬೀಗ ಹಾಕಿದ ಮನೆ ಇರಬೇಕಾದ ಹಾಗೆ. ಈಗ ಯಾರೋ ಬಂದು ಅಲ್ಲಿ ನಿನ್ನ ಹೆಸರಿನ ದೀಪ ಉರಿಯುತ್ತಿದೆ ಎನ್ನುತ್ತಿದ್ದರು.

ತಮ್ಮ ಸಂಜೆ ಮಗ್ಗದಿಂದ ಎದ್ದು ಬಂದು ನೋಟೀಸು ತಿರುಗಿಸಿ ಮುರುಗಿಸಿ ನೋಡಿದ. "ನಾ ಹೋಗಿ ಕೇಳಿ ಬರ್ತೇನಿ ಯಕ್ಕಾ. ನಿನಗ್ಯಾಕ ತ್ರಾಸ?"

"ನೀ ಹೋದ್ರ ಒಂದು ದಿನದ ನೇಯ್ಗಿ ಹೋಗತೈತಿ. ಹೆಸರು ನಂದು. ನಾನ ಹೋಗ್ತೇನಿ," ಎಂದಳು ಸಾತವ್ವ. ಆಕೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಭಾಗವ್ವ ಕೇಳಿದ್ದು ಅದೇ ಮೊದಲು.

*

ಯುದ್ಧಕಾಲದ ಮೋಟಾರು ಪೆಟ್ರೋಲಿನ ಬದಲು ಇದ್ದಲ ಸುಟ್ಟು ಓಡುತ್ತಿತ್ತು. ಬೆನ್ನಿಗೆ ಒಲೆ ಕಟ್ಟಿಕೊಂಡ ಹಾಗೆ ಹಿಂದೊಂದು ದೊಡ್ಡ ಡಬ್ಬಿ. ಕ್ಲೀನರನು ಅದರ ಗಾಳಿಚಕ್ರ ತಿರುವಿ ತಿರುವಿ ಹೊಗೆಯಲ್ಲಿ ಮುಳುಗಿದ ಮೇಲೆ ಗಾಡಿ ಕೆಮ್ಮುತ್ತ ಹೊರಟಿತು. ಏರು ಬಂದಲ್ಲಿ ಜನ ಇಳಿದು ನಡೆದರು. ಸಾತವ್ವ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಬಿಸಿಲಿನಲ್ಲಿ ಬಯಲು ಅಲುಗುತ್ತಿತ್ತು. ದೂರದ ಬೇವಿನ ಮರಗಳು ನೆಲ ಬಿಟ್ಟು ಒಂದು ಗೇಣು ಮೇಲೆ ನಿಂತಂತೆ ಕಾಣುತ್ತಿದ್ದವು. ಲೈಟು ಉರಿಯುತ್ತಿರುವುದು ಯಾವ ಕೋಣೆಯಲ್ಲಿ ಇರಬಹುದು? ಪಡಸಾಲೆಯಲ್ಲೋ, ಮಾಡಿಯ ಮೇಲೋ? ಕಾಶಪ್ಪ ಸಂಜೆಗೆ ನೇಯ್ಗೆ ನಿಲ್ಲಿಸಿ, "ಇನ್ನೊಂದು ತಾಸು ಬೆಳಕಿದ್ದಿದ್ರ ಸೆರಗು ಮುಗೀತಿತ್ತು," ಎನ್ನುತ್ತಿದ್ದ. ಈಗ ಅವನು ಆ ಬೆಳಕಿನ ಕೆಳಗೆ ಕೂತು ಸೆರಗು ಮುಗಿಸುತ್ತಿರುವನೆಂದು ಆಕೆಗೆ ಅನ್ನಿಸಿತು. ಅನ್ನಿಸಿದ್ದು ಸುಳ್ಳೆಂದು ಗೊತ್ತಿದ್ದೂ ಜಮಖಂಡಿಯ ತನಕ ಅದನ್ನು ಬಿಡಲಿಲ್ಲ.

ಲೈಟಿನ ಕಂಪನಿಯ ಕಚೇರಿಯಲ್ಲಿ ನೇಮಿನಾಥ ಎಂಬ ಕಾರಕೂನನಿದ್ದ. ತೇರದಾಳದ ಜೈನರವನು, ತೆಳ್ಳಗಿನ ಮನುಷ್ಯ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ. ನೋಟೀಸು ನೋಡಿದ ಕೂಡಲೇ ಅವನ ಮುಖ ಅರಳಿತು.

"ನೀವೇನ್ರಿ ಸಾತವ್ವ! ನಿಮ್ಮನ್ನ ಹುಡುಕಿ ಸಾಕಾತ್ರಿ ನನಗ. ಮೂರು ನೋಟೀಸ್ ಆ ಮನಿಗೇ ಕಳಿಸಿದ್ವಿ, ಉತ್ತರ ಇಲ್ಲ. ಕಡೀಕ ಓಣ್ಯಾಗಿನ ಮುದುಕರನ್ನ ಕೇಳಿದ್ರ, ಆಕಿ ಬನಹಟ್ಯಾಗ ತಮ್ಮನ ಮನ್ಯಾಗ ಅದಾಳ ಅಂದ್ರು."

"ನಾ ಲೈಟ್ ಹಾಕಿಸಿಲ್ರಿ," ಎಂದಳು ಸಾತವ್ವ. "ಆ ಮನಿ ಬಿಟ್ಟ ಹನ್ನೊಂದು ವರ್ಷ ಆತು."

ನೇಮಿನಾಥ ಅರಳಿದ ಮುಖವನ್ನು ಹಿಂದಕ್ಕೆ ತೆಗೆದುಕೊಂಡ. ಎದ್ದು ಹೋಗಿ ಕಪಾಟಿನಿಂದ ಒಂದು ಕಟ್ಟು ತಂದು ಧೂಳು ಊದಿದ. ಎರಡು ವರ್ಷದ ಹಿಂದಿನ ಅರ್ಜಿ. ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು.

"ಮೊದಲ ಎಂಟು ತಿಂಗಳು ದುಡ್ಡು ಬರೋಬ್ಬರಿ ಬಂದೈತಿ. ಆಮ್ಯಾಲ ಬಂದ್. ತಂತಿ ಕೀಳಬೇಕಿತ್ತು, ನಮ್ಮಲ್ಲಿ ಕಂಬ ಹತ್ತಾವ ಒಬ್ಬನ ಇದ್ದ, ಅವ ಚಳಿಜ್ವರ ಹಿಡದು ಮಲಗಿದ. ಇದು ನಿಮ್ಮ ಹೆಬ್ಬೆಟ್ಟಲ್ಲೇನ್ರಿ?"

ಸಾತವ್ವ ಕಾಗದದ ಮೇಲೆ ಬಾಗಿದಳು. ಹೊಳೆಯ ಸುಳಿಯಂತಹ ಗೆರೆಗಳು, ಒಂದೂ ಕೆಡದೆ ಮೂಡಿದ್ದವು. ಎಷ್ಟು ಚೆಂದದ ಬೆರಳು ಎನಿಸಿತು. ಆಕೆ ತನ್ನ ಎಡಗೈ ತಿರುವಿ ಮೇಜಿನ ಮೇಲಿಟ್ಟಳು. ಹೆಬ್ಬೆರಳ ಮೆತ್ತೆಗೆ ಅಡ್ಡಲಾಗಿ ಒಂದು ಹಾದಿ ಬಿದ್ದಿತ್ತು. ಹುಡುಗಿಯಾಗಿದ್ದಾಗಿನಿಂದ ನೂಲು ಹರಿದು ಹರಿದು ಕೊರೆದ ಹಾದಿ. ಅದರ ಮೇಲೆ ಕೆಳಗೆ ಗೆರೆಯೆಂಬುದೇ ಉಳಿದಿರಲಿಲ್ಲ. ತಿಕ್ಕಿದ ತಾಮ್ರದ ಹಾಗೆ ನುಣುಪಾಗಿತ್ತು.

ನೇಮಿನಾಥ ಶಾಯಿಯ ಮೆತ್ತೆ ಮುಂದಿಟ್ಟ. ಆಕೆ ಒತ್ತಿದಳು. ಬಿಳಿ ಕಾಗದದ ಮೇಲೆ ನೀಲಿಯ ಎರಡು ಚೂರು ಮೂಡಿದವು, ನಡುವೆ ಹೊಲದ ಬದುವಿನಂತೆ ಖಾಲಿ ಪಟ್ಟೆ. ಅವನು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಗೆರೆಗೆ ಗೆರೆ ಹೋಲಿಸಿ ನೋಡಿದ.

"ಇದು ನಿಮ್ದಲ್ರಿ ಯವ್ವಾ," ಎಂದ ಕೊನೆಗೆ. "ಸಾಕ್ಷಿ ಅಂತ ಒಬ್ಬರು ಸಹಿ ಮಾಡ್ಯಾರ. ಶಂಕರೆಪ್ಪ ಅಂತ. ಗೊತ್ತೇನ್ರಿ?"

"ನನ್ನ ಮೈದುನ."

"ಅವರ ಸ್ವಂತ ಮನ್ಯಾಗ ಅವರ ಹೆಸರಿಗೆ ಮೊದಲ ಒಂದು ಲೈಟಿತ್ತು. ಬಾಕಿ ತುಂಬಲಾರದಕ್ಕ ಕಿತ್ತೇವಿ. ಮತ್ತ ಅವರ ಹೆಸರಿಗೆ ಕಂಪನಿ ಕೊಡೂದಿಲ್ಲ. ಅದಕ್ಕ..." ಎನ್ನುತ್ತ ಅರ್ಜಿ ಓದತೊಡಗಿದವನು ಒಂದು ಸಾಲಿಗೆ ಬಂದು ನಿಂತ. "ಇಲ್ಲಿ ಒಂದು ಮಾತು ಐತಿ. 'ಅರ್ಜಿದಾರಳು ಸದರಿ ಮನೆಯ ಖುದ್ದು ಮಾಲಕಳು ಇರುತ್ತಾಳೆ.'"

"ಅಂದ್ರ?"

"ಅಂದ್ರ ಮನಿ ನಿಮ್ಮದು ಅಂತ."

"ಅದು ಸಾಲದಾಗ ಹೋತಲ್ರಿ."

ನೇಮಿನಾಥ ಅರ್ಜಿಯ ಹಿಂದೆ ಟಾಚಣಿ ಚುಚ್ಚಿದ್ದ ಇನ್ನೊಂದು ಕಾಗದ ಬಿಡಿಸಿದ. ಮುನಸಿಪಾಲಿಟಿಯ ಮನೆಯ ಉತಾರ. ಮಾಲಕರ ಹೆಸರಿನ ಈ ದಾಖಲೆ ಇಲ್ಲದೆ ಕಂಪನಿ ಯಾರಿಗೂ ತಂತಿ ಎಳೆಯುತ್ತಿರಲಿಲ್ಲ. ಆದ್ದರಿಂದಲೇ ಶಂಕರೆಪ್ಪ ಇದನ್ನು ಹಚ್ಚಲೇಬೇಕಾಗಿ ಬಂದಿತ್ತು. ಮನೆ ನಂಬರು ಇನ್ನೂರಾ ಹದಿನಾಲ್ಕು. ಮಾಲಕರು: ಸಾತವ್ವ ಕೋಂ ಕಾಶಪ್ಪ. ಹೆಸರು ಏರಿದ್ದು ಪ್ಲೇಗಿಗೆ ಮೂರು ವರ್ಷ ಮುಂಚೆ.

"ನಿಮ್ಮ ಯಜಮಾನ್ರು ಜೀವಂತ ಇದ್ದಾಗನ ನಿಮ್ಮ ಹೆಸರಿಗೆ ಮಾಡ್ಯಾರ್ರಿ. ಆಮ್ಯಾಲ ಯಾರೂ ತಗೊಂಡಿಲ್ಲ, ಯಾರೂ ಮಾರಿಲ್ಲ."

ಸಾತವ್ವ, "ಇನ್ನೊಮ್ಮೆ ಓದ್ರಿ," ಎಂದಳು. ಅವನು ಓದಿದ. "ಬರೇ ಹೆಸರು ಓದ್ರಿ." ಅದನ್ನೂ ಓದಿದ. ಹೊರಗೆ ಟಾಂಗಾದ ಕುದುರೆಯೊಂದು ಗೊರಸು ಬಡಿಯುತ್ತಿತ್ತು. ಕಾಶಪ್ಪ ಒಂದು ಮಾತೂ ಹೇಳಿರಲಿಲ್ಲ. ಹಬ್ಬಕ್ಕೆ ಸೀರೆ ತಂದರೂ ಎರಡು ದಿನ ಮಗ್ಗದ ಹಿಂದೆ ಬಚ್ಚಿಟ್ಟು ಕೊಡುವವನು. ಮನೆಯನ್ನೂ ಹಾಗೇ ಬಚ್ಚಿಟ್ಟಿದ್ದ.

ಹೊತ್ತು ಇಳಿಯುತ್ತಿತ್ತು. ನೇಮಿನಾಥ ಚಡಪಡಿಸತೊಡಗಿದ. "ತಪ್ಪ ತಿಳೀಬ್ಯಾಡ್ರಿ. ಹೊತ್ತು ಮುಳುಗೂದ್ರಾಗ ನಾ ಉಣಬೇಕು, ನಮ್ಮಲ್ಲಿ ರೂಢಿ. ಊರಿಗೆಲ್ಲ ಲೈಟ್ ಕೊಡಾವ, ನಾ ಮಾತ್ರ ಬೆಳಕಿರೂತನ ಉಂಡು ಮುಗಸ್ತೇನಿ." ತಾನೇ ನಕ್ಕ. "ನಾಳಿ ಹತ್ತಕ್ಕ ಮ್ಯಾನೇಜರ್ ಸಾಹೇಬ್ರು ಬರ್ತಾರ. ಒಂದು ಅರ್ಜಿ ಬರದ ಇಟ್ಟಿರ್ತೇನಿ: ಈ ಹೆಬ್ಬೆಟ್ಟು ನಂದಲ್ಲ, ಈ ಬಾಕಿ ನಂದಲ್ಲ ಅಂತ. ನಿಮ್ಮ ಮೈದುನಗೂ ಹೇಳಿ ಕಳಸ್ತೇನಿ. ಆದ್ರ ಒಂದು ಮಾತು ನೆನಪಿಡ್ರಿ. ಈ ಹಳೇ ಅರ್ಜಿ ಯಾರು ತಿರುಗಿ ಕೇಳಿದ್ರೂ ಕೊಡಸಬ್ಯಾಡ್ರಿ. ಮನಿ ನಿಮ್ಮದು ಅಂತ ಅವರ ಕೈಲೇ ಅವರು ಸಹಿ ಮಾಡಿದ ಕಾಗದ ಇದು."

"ಹೂನ್ರಿ."

"ರಾತ್ರಿ ಎಲ್ಲಿರ್ತೀರಿ?"

ಸಾತವ್ವ ಅದನ್ನು ಯೋಚಿಸಿರಲಿಲ್ಲ. "ಆ ಲೈಟ್ ನೋಡ್ಕೊಂಡ ಬರ್ತೇನ್ರಿ ಮೊದಲ," ಎಂದು ಎದ್ದಳು.

*

ಓಣಿಯ ಬಾಯಲ್ಲಿದ್ದ ಹಳೆಯ ಬಾವಿಗೆ ಈಗ ಕಟ್ಟೆ ಎತ್ತರಿಸಿದ್ದರು. ಉಳಿದದ್ದೆಲ್ಲ ಹಾಗೇ ಇತ್ತು, ಇಲ್ಲವೆ ಸಾತವ್ವನಿಗೆ ಹಾಗೆ ಕಂಡಿತು. ಮುಚ್ಚಂಜೆಯ ಬೂದುಬಣ್ಣದಲ್ಲಿ ಗೋಡೆಗಳು ಮೆತ್ತಗಾಗಿದ್ದವು. ಕಾಲು ತಾನಾಗಿ ಏಳನೆಯ ಬಾಗಿಲಿಗೆ ನಿಂತಿತು. ಬಾಗಿಲು ತೆರೆದಿತ್ತು. ಒಳಗೆ ಯಾರೋ ಗೋಡೆಯ ಕರೀ ಗುಂಡಿ ಒತ್ತಿದರು, ಟಕ್ ಎಂದಿತು.

ಪಡಸಾಲೆಯ ನಡುವೆ, ಜಂತೆಯಿಂದ ಇಳಿಬಿಟ್ಟ ತಂತಿಯ ತುದಿಯಲ್ಲಿ, ಒಂದು ಬೆಳಕು ಹುಟ್ಟಿತು. ಬುಡ್ಡಿಯ ಹಾಗೆ ಅದು ನಡುಗಲಿಲ್ಲ, ಹೊಗೆಯಾಡಲಿಲ್ಲ. ಜೇನಿನ ಬಣ್ಣದ್ದು. ಅದು ಕಂಬಗಳ ಮೇಲೆ ಹರಿಯಿತು, ಮಾಡಿಯ ಮೆಟ್ಟಿಲ ಮೇಲೆ ಹತ್ತಿತು, ಹೊಸ್ತಿಲು ದಾಟಿ ಬಂದು ಸಾತವ್ವನ ಪಾದದ ಮೇಲೆ ಬಿದ್ದಿತು. ಮದುಮಗಳಾಗಿ ಅದೇ ಹೊಸ್ತಿಲ ಮೇಲೆ ಸೇರಿನ ಅಕ್ಕಿ ಒದ್ದು ಒಳಗೆ ಬಂದ ದಿನವೂ ತನ್ನ ಪಾದವನ್ನು ಆಕೆ ಹೀಗೆ ನಿಂತು ನೋಡಿರಲಿಲ್ಲ. ಮನಸ್ಸಿನಲ್ಲಿ ಹನ್ನೊಂದು ವರ್ಷ ಕತ್ತಲಾಗಿದ್ದ ಮನೆ ಒಂದು ಗಳಿಗೆಯಲ್ಲಿ ಬೆಳಗಿ ನಿಂತಿತ್ತು, ಮತ್ತು ಅದರ ತುಂಬ ಜನರಿದ್ದರು. ಸಾಲಾಗಿ ಕೂತ ಗಂಡಸರ ನೆರಳುಗಳು ಗೋಡೆಯ ಮೇಲೆ ಕೈಯೆತ್ತಿ ಬಾಗಿ ಉಣ್ಣುತ್ತಿದ್ದವು. ಸತ್ತವರೆಲ್ಲ ಪಂಕ್ತಿಗೆ ಬಂದು ಕೂತಿದ್ದಾರೆಂದು ಆಕೆಗೆ ಅನ್ನಿಸಿತು. ಹೆದರಿಕೆ ಆಗಲಿಲ್ಲ. ಕಾಶಪ್ಪ ಯಾವ ಸಾಲಿನಲ್ಲಿದ್ದಾನೆಂದು ಕಣ್ಣು ಹುಡುಕಿತು.

"ಒಳಗ ಬರ್ರಿ, ಬಾಗಲದಾಗ ಯಾಕ ನಿಂತೀರಿ? ಊಟಕ್ಕ ಬಂದೀರೇನು?"

ಕರೆದವಳು ಮಾಯವ್ವ. ದುಂಡನೆಯ ಮುಖದ, ಸೆರಗನ್ನು ಸೊಂಟಕ್ಕೆ ಬಿಗಿದ ಹೆಂಗಸು. ಕಚೇರಿಯ ನೌಕರರಿಗೆ, ಪೇಟೆಗೆ ಬಂದವರಿಗೆ ಊಟ ಹಾಕುವ ಖಾನಾವಳಿ ನಡೆಸುತ್ತಿದ್ದಳು. ಸಾತವ್ವನನ್ನು ಅಡುಗೆಮನೆಯ ಹತ್ತಿರ ಕೂರಿಸಿ, ಬಿಸಿ ರೊಟ್ಟಿ, ಬದನೇಕಾಯಿ ಎಣ್ಣೆಗಾಯಿ, ಮೊಸರು ಬಡಿಸಿದಳು. ಸಾತವ್ವ ತನ್ನ ಮನೆಯ ಒಲೆಯ ಮುಂದೆ ಕೂತು, ತಾನು ಬೇಯಿಸದ ಅಡುಗೆ ಉಂಡಳು. ಗೂಡಿನಲ್ಲಿ ಕುಂಕುಮದ ಭರಣಿ ಇರಲಿಲ್ಲ. ಉಪ್ಪಿನ ಡಬ್ಬಿ ಇತ್ತು.

ಉಣ್ಣುವವರು ಒಬ್ಬೊಬ್ಬರೇ ಎದ್ದು ಹೋದ ಮೇಲೆ ಮಾಯವ್ವ ಎದುರು ಬಂದು ಕೂತಳು. "ಯಾವೂರ್ರಿ?"

"ಬನಹಟ್ಟಿ. ಲೈಟ್ ಛಲೋ ಐತಿ ನಿಮ್ಮದು."

"ಲೈಟ್ ಇದ್ದದ್ದಕ್ಕ ನಾಕು ಮಂದಿ ಬರ್ತಾರ ನೋಡ್ರಿ. ಕತ್ತಲದಾಗ ಉಣ್ಣಾಕ ಯಾರು ಬರ್ತಾರ? ಬಾಡಿಗಿ ಹನ್ನೆರಡು ರೂಪಾಯಿ, ಮ್ಯಾಲ ಲೈಟಿಗೆ ಮೂರು. ತಿಂಗಳ ತಿಂಗಳ ಮಾಲಕರ ಕೈಯಾಗ ಕೊಡ್ತೇನಿ. ಶಂಕರೆಪ್ಪ ಅಂತ. ಆದ್ರ ಕಂಪನಿ ಕಾಗದ ಬರ್ತಾವ, ಅವನ್ನೂ ಅವರ ಕೈಯಾಗನ ಕೊಡ್ತೇನಿ. ಏನರ ಲೆಕ್ಕ ಇರಬೇಕು ಅಂತಾರ."

ಸಾತವ್ವ ಸೆರಗಿನ ಗಂಟಿನಿಂದ ನೋಟೀಸು ತೆಗೆದು ನೆಲದ ಮೇಲೆ ಬಿಡಿಸಿದಳು. ಇಬ್ಬರಿಗೂ ಓದು ಬರುತ್ತಿರಲಿಲ್ಲ. ಬೆಳಗಿನಿಂದ ಕೇಳಿ ಕೇಳಿ ಬಾಯಿಪಾಠವಾಗಿದ್ದನ್ನು ಆಕೆ ಮೆಲ್ಲಗೆ ಹೇಳಿದಳು: ಹೆಸರು, ಓಣಿ, ನಂಬರು, ಬಾಕಿ. ಆಮೇಲೆ ಉತಾರದಲ್ಲಿದ್ದುದನ್ನೂ ಹೇಳಿದಳು. ಮಾಯವ್ವ ಕೂತಲ್ಲಿಂದ ಮೊಣಕಾಲೂರಿ ಎದ್ದಳು.

"ನಾ ತಿಂಗಳಾ ಕೊಟ್ಟೇನ್ರಿ! ಒಂದು ತಿಂಗಳ ಬಿಟ್ಟಿಲ್ಲ. ಆ ಬಸವಣ್ಣನ ಆಣಿ."

"ನೀ ಕೊಟ್ಟಿ. ಅವ ತುಂಬಲಿಲ್ಲ."

"ನನ್ನ ಹೊರಗ ಹಾಕ್ತೀರೇನ್ರಿ? ಅಡಗಿ ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ಲ."

ಸಾತವ್ವ ತಲೆಯೆತ್ತಿ ಬೆಳಕು ನೋಡಿದಳು. ಒಂದು ಹುಳ ಗಾಜಿಗೆ ಬಡಿದು ಬಡಿದು ಹಾರುತ್ತಿತ್ತು. "ನಿನ್ನ ಹೊರಗ ಹಾಕಾಕ ನಾ ಒಳಗ ಎಲ್ಲಿ ಬಂದೇನಿ ಇನ್ನಾ?" ಎಂದಳು. "ನಾಳಿ ಹತ್ತಕ್ಕ ನನ್ನ ಕೂಡ ಕಂಪನಿಗೆ ಬಾ. ನೀ ಕೊಟ್ಟದ್ದನ್ನ ಕೊಟ್ಟೇನಿ ಅಂತ ಹೇಳು. ಅಷ್ಟ ಸಾಕು."

ಮಾಯವ್ವ ಚಾಪೆ ಹಾಸಿಕೊಟ್ಟಳು. ಗುಂಡಿ ಒತ್ತಿದ ಕೂಡಲೆ ಮನೆ ಮತ್ತೆ ಕತ್ತಲಾಯಿತು. ಈ ಕತ್ತಲು ಸಾತವ್ವನಿಗೆ ಗೊತ್ತಿತ್ತು. ಕಂಬ ಎಲ್ಲಿ, ಗೋಡೆ ಎಲ್ಲಿ, ಮೆಟ್ಟಿಲು ಎಲ್ಲಿ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕನಸೊಂದೂ ಬೀಳದಂತೆ ನಿದ್ದೆ ಹೋದಳು.

*

ಶಂಕರೆಪ್ಪ ಜರಿಯ ರುಮಾಲು ಸುತ್ತಿಕೊಂಡು, ನಗುತ್ತಲೇ ಕಚೇರಿಗೆ ಬಂದ. ಸಾತವ್ವನನ್ನು ಕಂಡ, ಆಕೆಯ ಪಕ್ಕದಲ್ಲಿ ಮಾಯವ್ವನನ್ನು ಕಂಡ. ನಗು ತುಟಿಯ ಮೇಲೆ ಹಾಗೇ ಉಳಿದು ಒಣಗಿತು.

"ವೈನಿ, ಎಂದ ಬಂದ್ರಿ? ಮನಿಗೆ ಬರೂದಲ್ಲಾ ಸೀದಾ!"

"ಮನಿಗೇ ಹೋಗಿದ್ದೆ," ಎಂದಳು ಸಾತವ್ವ.

ಮ್ಯಾನೇಜರರು ವಯಸ್ಸಾದವರು, ಮಾತು ಕಡಿಮೆ. ನೇಮಿನಾಥ ಬರೆದ ಅರ್ಜಿ ಓದಿ, ಭೂತಗನ್ನಡಿ ಹಿಡಿದು ಎರಡೂ ಹೆಬ್ಬೆಟ್ಟು ನೋಡಿದರು. ಮಾಯವ್ವ ಹೇಳಿದ್ದನ್ನು ಕೇಳಿದರು. ನಂತರ ಶಾಯಿಯ ಮೆತ್ತೆಯನ್ನು ಶಂಕರೆಪ್ಪನ ಕಡೆ ಸರಿಸಿದರು.

"ನಿಮ್ಮ ಎಡಗೈ ಹೆಬ್ಬೆರಳು ಒತ್ತರಿ."

"ನನಗ ಸಹಿ ಬರತೈತ್ರಿ ಸಾಹೇಬ್ರ."

"ಗೊತ್ತೈತಿ. ಹೆಬ್ಬೆರಳು ಒತ್ತರಿ."

ಶಂಕರೆಪ್ಪ ಕೈಯನ್ನು ತೊಡೆಯ ಕೆಳಗೆ ಸೇರಿಸಿದ. ಮ್ಯಾನೇಜರರು ಮೆತ್ತೆಯನ್ನು ಇನ್ನಷ್ಟು ಹತ್ತಿರ ಸರಿಸಿದರು. ಆಮೇಲೆ ಅವನು ಮ್ಯಾನೇಜರರನ್ನು ಬಿಟ್ಟು ಅತ್ತಿಗೆಯ ಕಡೆ ತಿರುಗಿದ.

"ತಪ್ಪಾತು ವೈನಿ. ಮನಿತನದ ಮಾತು ಮನ್ಯಾಗ ಇರಲಿ. ಬಾಕಿ ಪೂರಾ ನಾ ತುಂಬ್ತೇನಿ, ಈಗಿಂದೀಗ. ಆ ಹಳೇ ಅರ್ಜಿ ತಿರುಗಿ ಕೊಡಸ್ರಿ, ಹರದ ಹಾಕೂಣು. ನಿಮ್ಮ ತಲಿ ಮ್ಯಾಲಿನ ಭಾರ ಹೋತು, ನನ್ನ ಮಾನ ಉಳೀತು."

ಹಿಂದಿನ ದಿನವಾಗಿದ್ದರೆ ಸಾತವ್ವ ಹೂಂ ಎನ್ನುತ್ತಿದ್ದಳೇನೋ. ಆಕೆ ಅವನ ಮುಖವನ್ನೇ ನೋಡುತ್ತ ಕೂತಳು. ಹಣೆಯ ಮೇಲೆ, ಹುಬ್ಬಿನ ನಡುವೆ, ಕಾಶಪ್ಪನದೇ ಗೀರು.

"ಒಂದು ಕೇಳ್ತೇನಿ, ಖರೆ ಹೇಳು. ನಿಮ್ಮಣ್ಣ ಮನಿ ನನ್ನ ಹೆಸರಿಗೆ ಮಾಡಿದ್ದು ನಿನಗ ಎಂದ ಗೊತ್ತಾತು?"

ಶಂಕರೆಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ತಲೆ ಬೆಳ್ಳಗಾಗಿತ್ತು. "ಗುಡಸಲದಾಗ. ನೀವು ನೀರಿಗೆ ಹೋಗಿದ್ರಿ. ಅಣ್ಣ ಕರದು ಹೇಳಿದ. ಆಕಿ ಹೆಸರಿಗೆ ಮಾಡೇನಿ, ಆಕಿಗೆ ಗೊತ್ತಿಲ್ಲ, ನಾ ಹೋದ್ರ ನೀ ಹೇಳು ಅಂದ."

"ನೀ ಹೇಳಲಿಲ್ಲ."

"ಹೇಳಲಿಲ್ಲ."

ಸಾತವ್ವನಿಗೆ ಸಿಟ್ಟು ಬರಲಿಲ್ಲ, ಅದಕ್ಕಿಂತ ದೊಡ್ಡದೇನೋ ಬಂದು ಎದೆಯಲ್ಲಿ ಕೂತಿತು. ಕಾಶಪ್ಪನ ಕೊನೆಯ ಮಾತೊಂದು ತನಗಾಗಿ ಹೊರಟಿತ್ತು. ಹನ್ನೊಂದು ವರ್ಷ ಈ ಮನುಷ್ಯನ ಬಾಯಲ್ಲಿ ಸಿಕ್ಕಿಕೊಂಡಿದ್ದು, ಈಗ ಬಂದು ಮುಟ್ಟಿತ್ತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಮ್ಯಾನೇಜರರಿಗೆ ಹೇಳಿದಳು:

"ಆ ಅರ್ಜಿ ಹರೀಬ್ಯಾಡ್ರಿ. ಇಲ್ಲೇ ಇರಲಿ. ನನಗೊಂದು ನಕಲು ಬೇಕು, ನಿಮ್ಮ ಸಿಕ್ಕಾ ಹೊಡದು ಕೊಡ್ರಿ. ಉತಾರದ್ದೂ ಕೊಡ್ರಿ."

"ಫೌಜದಾರಿ ಕೇಸ್ ಮಾಡ್ತೀರೇನಮ್ಮಾ? ಮಾಡಬಹುದು ನೀವು. ನಾವೂ ಸಾಕ್ಷಿ ಹೇಳ್ತೇವಿ."

ಶಂಕರೆಪ್ಪನ ಕೈ ರುಮಾಲಿನ ಜರಿಯನ್ನು ಹಿಂಜುತ್ತಿತ್ತು. ಸಾತವ್ವ ಯೋಚಿಸಿದಳು. ತಾರೀಖಿನ ಮೇಲೆ ತಾರೀಖು, ಬನಹಟ್ಟಿಯಿಂದ ಇಲ್ಲಿಗೆ ಕೆಮ್ಮುವ ಮೋಟಾರು, ಕೋರ್ಟಿನ ಕಟ್ಟೆಯ ಮೇಲೆ ಕೂತು ಕಳೆಯುವ ಮಧ್ಯಾಹ್ನಗಳು. ಇನ್ನುಳಿದ ವರ್ಷಗಳನ್ನು ಇವನ ಮುಖ ನೋಡುತ್ತ ಕಳೆಯಲು ಆಕೆಗೆ ಮನಸ್ಸಾಗಲಿಲ್ಲ.

"ಬಾಕಿ ಇವ ತುಂಬಲಿ. ಆ ಹೆಬ್ಬೆಟ್ಟು ತನ್ನದು ಅಂತ ಬರದು ಕೊಡಲಿ. ಆ ಮನಿ ಮ್ಯಾಲ ತನ್ನ ಹಕ್ಕು ಏನೂ ಇಲ್ಲ ಅಂತ ಮುನಸಿಪಾಲಿಟ್ಯಾಗ ಸಹಿ ಮಾಡಲಿ, ಇವತ್ತ. ಇಷ್ಟು ಮಾಡಿದ್ರ ನಾ ಕೋರ್ಟಿಗೆ ಹೋಗೂದಿಲ್ಲ. ಮಾಡಲಿಲ್ಲಂದ್ರ ನಕಲು ನನ್ನ ಕಡೆ ಇರತೈತಿ."

ನೇಮಿನಾಥ ಬರೆಯಲು ಕೂತ. ಶಂಕರೆಪ್ಪ ಮನೆಗೆ ಹೋಗಿ ದುಡ್ಡು ತಂದು ತುಂಬಿದ. ಮೂರು ಗಂಟೆಗೆ ಮುನಸಿಪಾಲಿಟಿಯಲ್ಲಿ ಸಹಿ ಆಯಿತು. ಹೊರಗೆ ಬೇವಿನ ನೆರಳಿನಲ್ಲಿ ಅವನು ರುಮಾಲು ಸರಿಮಾಡಿಕೊಂಡು ಪೇಟೆಯ ಕಡೆ ಹೋದ. ಆಮೇಲೆ ಬಹಳ ವರ್ಷ ಅವನು ಆ ಓಣಿಗೆ ಕಾಲಿಡಲಿಲ್ಲ.

ಕಂಪನಿಯ ಪುಸ್ತಕದಲ್ಲಿ ಸಾತವ್ವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಕಾಯಿದೆಯ ಪ್ರಕಾರ ಸುಳ್ಳು ಅರ್ಜಿಯ ತಂತಿಯನ್ನೂ ಕೀಳಬೇಕಿತ್ತು. ಚಳಿಜ್ವರದಿಂದ ಎದ್ದಿದ್ದ ಕಂಬದ ಆಳು ಮರುದಿನ ಬಂದು ಕಿತ್ತು ಹೋದ. ಮಾಯವ್ವ ಹದಿನೆಂಟು ದಿನ ಕಂದೀಲಿನ ಬೆಳಕಿನಲ್ಲಿ ಬಡಿಸಿದಳು, ಉಣ್ಣುವವರು ಗೊಣಗುತ್ತ ಉಂಡರು. ಆಮೇಲೆ, ಮಾಲಕಳಾಗಿ ಸಾತವ್ವ ಒಪ್ಪಿಗೆ ಕೊಟ್ಟದ್ದರಿಂದ, ಮಾಯವ್ವನ ಸ್ವಂತ ಹೆಸರಿಗೆ, ಆಕೆಯದೇ ಹೆಬ್ಬೆಟ್ಟಿನ ಅರ್ಜಿಗೆ ಲೈಟು ಬಂತು. ಬಾಡಿಗೆ ಹನ್ನೆರಡರಿಂದ ಎಂಟಾಯಿತು. ಕಡಿಮೆಯಾದ ನಾಲ್ಕು ರೂಪಾಯಿಗೆ ಮಾಯವ್ವ ಸಾತವ್ವನಿಗೆ ಊಟ ಹಾಕುವುದೆಂದು ಮಾತಾಯಿತು.

ಮಳೆಗಾಲ ಹತ್ತಿರ ಬಂದಾಗ ಆಕೆ ಬನಹಟ್ಟಿಯಿಂದ ಗಂಟು ಕಟ್ಟಿದಳು. ಭಾಗವ್ವ, "ಒಬ್ಬಾಕಿ ಹ್ಯಾಂಗ ಇರ್ತೀ ಬೇ ಅಲ್ಲಿ?" ಎಂದು ಅತ್ತಳು. ಕಂಡಿಕೆ ಸುತ್ತುವವರು ಇನ್ನು ಯಾರು ಎಂಬ ಚಿಂತೆಯೂ ಆ ಅಳುವಿನಲ್ಲಿತ್ತು. ಅದು ಸಾತವ್ವನಿಗೂ ಗೊತ್ತಿತ್ತು, ಭಾಗವ್ವನಿಗೂ ಗೊತ್ತಿತ್ತು. ಅಕ್ಕ ಇನ್ನು ತಾನೇ ನೇಯುತ್ತೇನೆಂದದ್ದಕ್ಕೆ ತಮ್ಮ ಒಂದು ಹಳೆಯ ಮಗ್ಗದ ಸಾಮಾನನ್ನೆಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ತಾನೇ ಜೊತೆಗೆ ಬಂದ. ಕಾಲನ್ನು ನೆಲದ ಕುಣಿಯಲ್ಲಿ ಇಳಿಬಿಟ್ಟು ನೇಯುವ ಮಗ್ಗ ಅದು. ಕಾಶಪ್ಪನ ಕಾಲದ ಕುಣಿಗಳನ್ನು ಯಾವಾಗಲೋ ಮುಚ್ಚಿ ಗಚ್ಚು ಬಡಿದಿದ್ದರು.

ಕಿಟಕಿಯ ಪಕ್ಕದ ಮೂಲೆಯಲ್ಲಿ ಗಚ್ಚು ಒಡೆದು ತಮ್ಮ ಅಗೆಯತೊಡಗಿದ. ಮಾಯವ್ವ ಬುಟ್ಟಿಯಲ್ಲಿ ಮಣ್ಣು ಹೊತ್ತು ಹೊರಗೆ ಚೆಲ್ಲಿ ಬಂದಳು. ರೊಟ್ಟಿ ಹೊತ್ತುತ್ತಿದೆಯೆಂದು ನಡುನಡುವೆ ಒಳಗೆ ಓಡಿದಳು. ಮಣ್ಣು ಕರೀ ಎರೆ, ತಂಪಾಗಿತ್ತು, ಮುಷ್ಟಿಯಲ್ಲಿ ಹಿಡಿದರೆ ಬೆರಳಿನ ಅಚ್ಚು ನಿಲ್ಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತಮ್ಮ ಬೆವರೊರೆಸಿಕೊಳ್ಳುತ್ತ ಮೇಲೆ ಬಂದ.

"ಕುಂತ ನೋಡು ಯಕ್ಕಾ, ಸಾಕೇನು?"

ಸಾತವ್ವ ಸೀರೆಯ ನಿರಿಗೆ ಒತ್ತಿಕೊಂಡು ಅಂಚಿನ ಮೇಲೆ ಕೂತಳು. ಎರಡೂ ಕಾಲು ಕೆಳಗೆ ಬಿಟ್ಟಳು. ಹಸಿಮಣ್ಣಿನ ತಂಪು ಹಿಮ್ಮಡಿಯಿಂದ ಮೊಣಕಾಲಿನ ತನಕ ಏರಿತು. ಆಕೆ ಕಣ್ಣು ಮುಚ್ಚಿ, ಇಲ್ಲದ ತುಳಿಕೋಲನ್ನು ಒಮ್ಮೆ ಬಲಗಾಲಿನಿಂದ, ಒಮ್ಮೆ ಎಡಗಾಲಿನಿಂದ ತುಳಿದು ನೋಡಿದಳು.

"ಇನ್ನೊಂದು ಗೇಣು ತಗಿ," ಎಂದಳು. "ಮಗ್ಗ ಹೂಡಿದ್ರ ಮೊಣಕಾಲು ತಾಕತೈತಿ."